ಎಲ್ಲೂ ಹೋಗದ ಗಾಡಿಯ ಕೆಂಪು ಆಯಿಲ್

ಡ್ರೈವಿಂಗ್ ಸ್ಕೂಲಿನ ಗಾಡಿ ಎಷ್ಟೇ ಕುಲುಕಿದರೂ ಗಾಡಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಕುಲುಕಿದ್ದಕ್ಕೆ ಕಾರಣ ಸ್ಟೀರಿಂಗ್ ಹಿಡಿದುಕೊಂಡು ಕಣ್ಣೆದುರಿಗೇ ಕೂತಿರುತ್ತದಲ್ಲ! ಕೋಲಾರದ ನಮ್ಮ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುವ ಕೆಲಸ ನನ್ನದು. ಇರುವುದು ಒಂದೇ ಆಟೋಮ್ಯಾಟಿಕ್ ಗಾಡಿ, ಓನರ್ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದದ್ದು. ಆ ಬೇಸಿಗೆಯಲ್ಲಿ ಅದು ಕುಲುಕಲು ಶುರು ಮಾಡಿದಾಗ ಎಲ್ಲರ ಹಾಗೆ ನಾನೂ ಸ್ಟೀರಿಂಗ್ ಹಿಡಿದವರನ್ನೇ ಬೈದೆ.

ಹೆಚ್ಚು ಬೈಸಿಕೊಂಡವಳು ಸುಗಟೂರಿನಿಂದ ಬಸ್ಸು ಹಿಡಿದು ಬರುತ್ತಿದ್ದ ಒಬ್ಬ ಹೆಣ್ಣುಮಗಳು. ನರಸಾಪುರದ ಕಾರ್ಖಾನೆಗಳಿಗೆ ಶಿಫ್ಟ್‌ಗೆ ಹೋಗುವ ಹುಡುಗಿಯರನ್ನು ಕರೆದೊಯ್ಯುವ ಕ್ಯಾಬ್‌ಗಳಿಗೆ ಹೆಂಗಸರೇ ಡ್ರೈವರ್ ಆಗಿ ಬೇಕು ಎಂದು ಒಬ್ಬ ಕಂಟ್ರಾಕ್ಟರ್ ಹುಡುಕುತ್ತಿದ್ದ. ಅವನ ಕ್ಯಾಬ್‌ಗಳೆಲ್ಲ ಕರೆಂಟ್ ಗಾಡಿಗಳು; ಕ್ಲಚ್ಚೂ ಇಲ್ಲ, ಗೇರ್ ಬದಲಾಯಿಸುವ ಗೋಜೂ ಇಲ್ಲ. ಅದಕ್ಕೇ ಅವಳು ನಮ್ಮ ಆಟೋಮ್ಯಾಟಿಕ್ ಗಾಡಿಯನ್ನು ಕೇಳಿಕೊಂಡು ಬಂದಿದ್ದಳು. ಲೈಸೆನ್ಸ್ ತಂದರೆ ಉಳಿದದ್ದನ್ನು ನಾವೇ ಕಲಿಸಿ ಕೆಲಸ ಕೊಡುತ್ತೇವೆ, ಆದರೆ ಈ ತಿಂಗಳು ಮುಗಿಯುವುದರೊಳಗೆ ತರಬೇಕು ಎಂದು ಕಂಟ್ರಾಕ್ಟರ್ ಹೇಳಿದ್ದನಂತೆ. ಗಂಡನಿಗೆ ಇದು ಇಷ್ಟವಿರಲಿಲ್ಲ. "ನಿನ್ ಕೈಲಿ ಆಗೋ ಕೆಲ್ಸ ಅಲ್ಲ ಬಿಡು ಅಂತಾರೆ ಅಕ್ಕಾ. ಫೇಲಾಗಿ ಬರ್ಲಿ ಅಂತಾನೇ ಕಾಯ್ತಾವ್ರೆ" ಎಂದು ನಗುತ್ತಲೇ ಹೇಳಿದ್ದಳು. ಆ ನಗುವಿನಲ್ಲಿ ನಗುವಂಥದ್ದೇನೂ ಇರಲಿಲ್ಲ.

ಅವಳು ಬೇಗ ಕಲಿತಳು. ಎಂಟು ಹಾಕುವುದು, ರಿವರ್ಸ್, ಪಾರ್ಕಿಂಗ್ ಎಲ್ಲ ಕೈಗೆ ಹತ್ತಿತು. ಆದರೆ ನಿಂತ ಗಾಡಿಯನ್ನು ಹೊರಡಿಸುವುದರಲ್ಲಿ ಮಾತ್ರ ಎಡವುತ್ತಿದ್ದಳು. ಆಟೋಮ್ಯಾಟಿಕ್ ಗಾಡಿಯಲ್ಲಿ ಲಿವರನ್ನು ಡಿ-ಗೆ, ಅಂದರೆ ಡ್ರೈವ್‌ಗೆ, ಹಾಕಿ ಬ್ರೇಕ್ ಮೇಲಿನ ಕಾಲು ಎತ್ತಿದರೆ, ಆಕ್ಸಿಲರೇಟರ್ ಮುಟ್ಟದೆಯೇ ಗಾಡಿ ಮೆಲ್ಲಗೆ ಮುಂದಕ್ಕೆ ಸರಿಯಬೇಕು. ಅವಳು ಕಾಲು ಎತ್ತಿದರೆ ಗಾಡಿ ಸುಮ್ಮನೆ ನಿಂತಿರುತ್ತಿತ್ತು. ಯೋಚನೆ ಮಾಡಿದಂತೆ ಮಾಡಿ, ಆಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ಮುಂದಕ್ಕೆ ನೆಗೆಯುತ್ತಿತ್ತು. ಒಮ್ಮೊಮ್ಮೆ ಎಂಜಿನ್ ಮಾತ್ರ ಜೋರಾಗಿ ಕೂಗುತ್ತಿತ್ತು, ಚಕ್ರಕ್ಕೆ ಸುದ್ದಿಯೇ ಮುಟ್ಟುತ್ತಿರಲಿಲ್ಲ.

"ಮೆತ್ತಗೆ ಕಣಮ್ಮಾ! ಅದೇನು ಮೊಳೇನಾ, ಹಂಗೆ ತುಳೀತೀಯ?"

"ನಾನು ತುಳಿದೇ ಇಲ್ಲ ಅಕ್ಕಾ."

"ತುಳೀದೆ ಗಾಡಿ ತಾನಾಗೇ ನೆಗೀತದಾ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಓನರ್ ಪಕ್ಕದಲ್ಲಿ ನಿಂತು ಗಾದೆ ಹೇಳಿದರು. ನಾನೂ ನಕ್ಕೆ.

ಟೆಸ್ಟ್ ದಿನ ನಮ್ಮ ಸ್ಕೂಲಿನವರು ಸಾಲಿನಲ್ಲಿ ಬಹಳ ಹಿಂದಿದ್ದರು. ಬಿಸಿಲಲ್ಲಿ ಗಾಡಿ ಸ್ಟಾರ್ಟ್‌ನಲ್ಲೇ ಇತ್ತು, ಇಂಚಿಂಚೇ ಮುಂದೆ ಸರಿಯುತ್ತಿತ್ತು. ಅವಳ ಸರದಿ ಬರುವ ಹೊತ್ತಿಗೆ ಬಾನೆಟ್ ಮುಟ್ಟಲಾಗದಷ್ಟು ಕಾದಿತ್ತು. ಎಂಟನ್ನು ಚೆನ್ನಾಗಿ ಹಾಕಿದಳು. ದಿಬ್ಬ ಏರಿ ನಡುವೆ ನಿಲ್ಲಿಸಿದಳು. ನಾವು ಕಲಿಸಿದ್ದ ಹಾಗೇ ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆದಳು. ಗೇರಿನ ಗಾಡಿಯಲ್ಲಿ ಕಲಿಸುವ ಕ್ರಮ ಅದು. ಆಟೋಮ್ಯಾಟಿಕ್‌ಗೂ ಅದನ್ನೇ ಕಲಿಸುತ್ತಿದ್ದೆವು. ಇನ್‌ಸ್ಪೆಕ್ಟರ್ ಕೈ ಬೀಸಿದ ಮೇಲೆ ಡಿ-ಗೆ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ಕಾಲು ಎತ್ತಿದಳು. ಗಾಡಿ ಮತ್ತೆ ಯೋಚನೆಗೆ ಬಿತ್ತು. ಆ ಹೊತ್ತಿನಲ್ಲಿ ದಿಬ್ಬದಿಂದ ಹಿಂದಕ್ಕೆ ಜಾರಿ, ಹಿಂದಿದ್ದ ಕಂಬಕ್ಕೆ ತಾಗಿತು.

ಹಿಂದೆ ಜಾರಿದರೆ ಫೇಲು. ನಿಯಮ ಅದು, ಇನ್‌ಸ್ಪೆಕ್ಟರನ್ನು ದೂರುವ ಹಾಗಿಲ್ಲ. ಮತ್ತೆ ಬರಬೇಕಾದರೆ ಒಂದು ವಾರ ಕಾಯಬೇಕು. ಆ ಟೆಸ್ಟೂ ಹೋದರೆ ತಿಂಗಳು ಮುಗಿಯುವುದರೊಳಗೆ ಇನ್ನೊಂದಕ್ಕೆ ಜಾಗವಿರಲಿಲ್ಲ. ಅವಳು ಗಾಡಿಯಿಂದ ಇಳಿದು ಬಂದು ಕೀ ನನ್ನ ಕೈಗೆ ಕೊಟ್ಟಳು. "ನೀವೇ ಓಡ್ಸಿ ಅಕ್ಕಾ. ನಂಗೆ ಇವತ್ತು ಬ್ಯಾಡ."

ಇಲ್ಲಿ ನಮ್ಮ ಸ್ಕೂಲಿನ ಒಂದು ಪದ್ಧತಿ ಹೇಳಬೇಕು. ಬೆಳಿಗ್ಗೆ ಗಾಡಿಯನ್ನು ಶೆಡ್ಡಿನಿಂದ ಮೈದಾನಕ್ಕೆ ನಾನು ತರುತ್ತೇನೆ. ವಾಪಸ್ಸು ತರುವುದು ಕೊನೆಯ ಕ್ಲಾಸಿನವರು. ಪೇಟೆಯಲ್ಲಿ ಓಡಿಸಿದ ಅಭ್ಯಾಸವಾಗಲಿ ಎಂದು. ಅಂದರೆ ಗಾಡಿ ತಣ್ಣಗಿದ್ದಾಗ ಮಾತ್ರ ಅದು ನನ್ನ ಕೈಯಲ್ಲಿ ಇರುತ್ತಿತ್ತು. ಕಾದ ಗಾಡಿಯನ್ನು ಓಡಿಸುತ್ತಿದ್ದವರೆಲ್ಲ ಕಲಿಯುವವರೇ. ಅವತ್ತು ಮೊದಲ ಸಲ ಕಾದ ಗಾಡಿಯ ಸ್ಟೀರಿಂಗ್ ಹಿಡಿದೆ. ಕ್ಲಾಕ್ ಟವರ್ ಹತ್ತಿರ ಟ್ರಾಫಿಕ್ ನಿಂತಿತ್ತು. ನ್ಯೂಟ್ರಲ್ ಮಾಡಿ ಕಾದೆ. ಮುಂದಿನ ಆಟೋ ಹೊರಟಿತು, ಡಿ-ಗೆ ಹಾಕಿ ಕಾಲು ಎತ್ತಿದೆ. ಗಾಡಿ ಅಲ್ಲಾಡಲಿಲ್ಲ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದ. ಆಕ್ಸಿಲರೇಟರ್ ಒತ್ತಿದೆ, ಎಂಜಿನ್ ಕೂಗಿತು, ಆಮೇಲೆ ದಡ್ ಎಂದು ಒದ್ದುಕೊಂಡು ಮುಂದೆ ಹೋಯಿತು.

ಪಕ್ಕದ ಸೀಟಿನಲ್ಲಿ ಅವಳು ನನ್ನ ಮುಖ ನೋಡುತ್ತಿದ್ದಳು. "ನೀವು ತುಳಿದ್ರಾ ಅಕ್ಕಾ?" ಎಂದಳು. ನನಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಓನರ್‌ಗೆ ಹೇಳಿದೆ. ಅವರು ತಾವೇ ಗಾಡಿ ತೆಗೆದು ಬಸ್ ಸ್ಟ್ಯಾಂಡ್ ಸುತ್ತಿ ಬಂದರು. "ಬೆಣ್ಣೆ ಇದ್ದಂಗೈತೆ ಮೇಡಂ ಗಾಡಿ. ಏನಾಗೈತೆ ಇದಕ್ಕೆ?" ತಣ್ಣಗಿನ ಗಾಡಿ ಬೆಣ್ಣೆಯೇ. ಮಧ್ಯಾಹ್ನ ಬಂದು ನೋಡಿ ಎಂದೆ. ಮಧ್ಯಾಹ್ನ ಅವರಿಗೆ ಪುರುಸೊತ್ತು ಇರಲಿಲ್ಲ. ನಮ್ಮ ಮಾಮೂಲಿ ಮೆಕ್ಯಾನಿಕ್ ಹತ್ತಿರ ಬಿಡಿ ಎಂದರು.

ಮಾಮೂಲಿ ಮೆಕ್ಯಾನಿಕ್ ಗೇರಿನ ಗಾಡಿಗಳಲ್ಲಿ ಪಳಗಿದ ಕೈ. ಅವನು ಏರ್ ಫಿಲ್ಟರ್ ಬದಲಾಯಿಸಿದ, ಎಂಜಿನ್ ಕೂರುವ ರಬ್ಬರ್ ಬದಲಾಯಿಸಿದ, ಐಡಲ್, ಅಂದರೆ ಗಾಡಿ ನಿಂತಾಗಿನ ಎಂಜಿನ್ ವೇಗವನ್ನು, ಸ್ವಲ್ಪ ಏರಿಸಿದ. ಐಡಲ್ ಏರಿಸಿದ ಮೇಲೆ ಒದೆತ ಇನ್ನೂ ಜೋರಾಯಿತು. ಗೇರ್ ಬಾಕ್ಸಿನ ಆಯಿಲ್ ನೋಡಪ್ಪಾ ಎಂದೆ. ಮರುದಿನ ಬೆಳಿಗ್ಗೆ ಶೆಡ್ಡಿಗೆ ಬಂದವನೇ, ಎಂಜಿನ್ ಸ್ಟಾರ್ಟ್ ಕೂಡ ಮಾಡದೆ, ಆಯಿಲ್ ಅಳೆಯುವ ಕಡ್ಡಿ ಡಿಪ್‌ಸ್ಟಿಕ್ ಎಳೆದು ಗ್ರೀಸ್ ಮೆತ್ತಿದ ಬಟ್ಟೆಯಲ್ಲಿ ಒರೆಸಿದ. "ಲೆವೆಲ್ ಐತೆ ಮೇಡಂ. ಲೀಕೂ ಇಲ್ಲ." ಬಣ್ಣ ಹೇಗಿದೆ ಎಂದು ಕೇಳಿದರೆ ಆ ಬಟ್ಟೆಯಲ್ಲಿ ಕಾಣುವುದೇನು! "ಆಯಿಲ್ ಅಂದ್ಮೇಲೆ ಕಪ್ಪಾಗೇ ಆಗ್ತದೆ" ಎಂದ.

ದಿನಗಳು ಹೋಗುತ್ತಿದ್ದವು. ಸುಗಟೂರಿನವಳು ದಿನವೂ ಬಂದು ಅದೇ ಗಾಡಿಯಲ್ಲಿ ಕೂರುತ್ತಿದ್ದಳು. ಕೊನೆಗೆ ನಾನೇ ನೋಡುವುದೆಂದು ತೀರ್ಮಾನಿಸಿದೆ. ಕ್ಲಾಸುಗಳೆಲ್ಲ ಮುಗಿದು ಗಾಡಿ ಚೆನ್ನಾಗಿ ಕಾದ ಮೇಲೆ ಮೈದಾನದ ಸಮತಟ್ಟು ಜಾಗದಲ್ಲಿ ನಿಲ್ಲಿಸಿದೆ. ಎಂಜಿನ್ ಆರಿಸಲಿಲ್ಲ. ಬ್ರೇಕ್ ಒತ್ತಿ ಹಿಡಿದು ಲಿವರನ್ನು ಒಂದೊಂದೇ ಸ್ಥಾನಕ್ಕೆ ಹಾಕಿ, ಸ್ವಲ್ಪ ತಡೆದು, ಮತ್ತೆ ಪಾರ್ಕಿಂಗ್‌ಗೆ ತಂದೆ. ಆಯಿಲ್ ಎಲ್ಲ ಕಡೆ ಹರಿದಿರುವಾಗ ನೋಡಿದರಷ್ಟೇ ಅದರ ನಿಜ ಗೊತ್ತಾಗುವುದು. ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಅದ್ದಿ, ತುದಿಯ ಹನಿಯನ್ನು ನನ್ನ ಬಿಳಿ ಕರ್ಚೀಫಿನ ಮೇಲೆ ಬಿಟ್ಟೆ.

ಈ ಆಯಿಲ್ ಹೊಸದಾಗಿದ್ದಾಗ ದಾಳಿಂಬೆ ರಸದ ಬಣ್ಣ, ಅದರೊಳಗಿಂದ ಆಚೆಯದು ಕಾಣುತ್ತದೆ. ಕರ್ಚೀಫಿನ ಮೇಲಿದ್ದದ್ದು ಗಾಢ ಕಂದು. ನಡುವೆ ಕಪ್ಪು ಚುಕ್ಕೆಯಾಗಿ ನಿಂತುಬಿಟ್ಟಿತು. ಮೂಗಿನ ಹತ್ತಿರ ಹಿಡಿದರೆ ಒಲೆಯ ಮೇಲೆ ಮರೆತ ಪಾತ್ರೆಯ ಸೀದ ವಾಸನೆ. ಬೆರಳ ಮಧ್ಯೆ ಉಜ್ಜಿದೆ. ಹೊಳೆಯುವ ಲೋಹದ ಪುಡಿ ಸಿಗಲಿಲ್ಲ, ಅಷ್ಟು ಪುಣ್ಯ. ಆಯಿಲ್ ಸತ್ತಿದೆ, ಗೇರ್ ಬಾಕ್ಸ್ ಇನ್ನೂ ಸತ್ತಿರಲಿಕ್ಕಿಲ್ಲ ಎಂದುಕೊಂಡೆ.

ಕರ್ಚೀಫನ್ನು ಓನರ್ ಟೇಬಲ್ ಮೇಲೆ ಹರಡಿದೆ. ಅವರು ಅದನ್ನು ಬೆರಳ ತುದಿಯಲ್ಲಿ ಪಕ್ಕಕ್ಕೆ ಸರಿಸಿ, ನನ್ನನ್ನು ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ಮೀಟರ್ ತೋರಿಸಿದರು.

"ನೋಡಿ ಮೇಡಂ, ಎಷ್ಟು ಓಡೈತೆ ಅಂತ. ಆಯಿಲ್ ಬದಲಾಯಿಸೋ ಕಿಲೋಮೀಟರ್‌ಗೆ ಇನ್ನೂ ಅರ್ಧಾನೂ ಬಂದಿಲ್ಲ. ಗಾಡಿ ಎಲ್ಲಿ ಹೋಗಿದೆ ಹೇಳಿ? ಮೈದಾನ ಬಿಟ್ಟರೆ ಶೆಡ್ಡು."

"ಅದೇ ಅಣ್ಣಾ ನಾನು ಹೇಳ್ತಿರೋದು. ಎಲ್ಲೂ ಹೋಗಿಲ್ಲ. ಬೆಳಿಗ್ಗೆಯಿಂದ ಅಲ್ಲೇ ನಿಲ್ಲು, ಹೊರಡು, ಹಿಂದೆ ಬಾ, ಮುಂದೆ ಹೋಗು. ಗಾಳಿ ತಾಗಂಗಿಲ್ಲ, ಬಿಸಿಲಲ್ಲಿ ಬೇಯ್ತದೆ. ಗಾಣದ ಎತ್ತನ್ನ ಎಷ್ಟು ಮೈಲಿ ನಡೆದೆ ಅಂತ ಯಾರಾದ್ರೂ ಕೇಳ್ತಾರಾ?"

"ಪೆಟ್ರೋಲ್ ಮಾತ್ರ ಚೆನ್ನಾಗಿ ಕುಡೀತದೆ."

"ಪೆಟ್ರೋಲ್ ಹಾಕೋವಾಗ ಗಾಡಿ ಎಷ್ಟು ದುಡೀತದೆ ಅಂತ ಗೊತ್ತಾಗ್ತದೆ. ಆಯಿಲ್ ಅಂದ್ರೆ ಮಾತ್ರ ಮೀಟರ್ ನೋಡ್ತೀರ!"

ಆಮೇಲೆ ಅವರ ನಿಜವಾದ ಭಯ ಹೊರಗೆ ಬಂತು. ಹಳೆಯ ಗೇರ್ ಬಾಕ್ಸಿನ ಆಯಿಲ್ ತೆಗೆದರೆ ಬಾಕ್ಸೇ ಕೆಟ್ಟು ಕೂತುಬಿಡುತ್ತದೆ ಎಂದು ಯಾರೋ ಹೇಳಿದ್ದರಂತೆ; ಶ್ರೀನಿವಾಸಪುರದ ಅವರ ಸಂಬಂಧಿಕರ ಗಾಡಿಗೆ ಹಾಗೇ ಆಯಿತಂತೆ. "ಇರೋದು ಒಂದೇ ಗಾಡಿ. ಅದೂ ಹೋದ್ರೆ ನಿಮ್ಮ ಹೆಂಗಸರನ್ನೆಲ್ಲ ಎಲ್ಲಿ ಕೂರಿಸ್ತೀರ? ಹೆಂಗಸರು ಎರಡು ಕಾಲಲ್ಲೂ ಪೆಡಲ್ ತುಳೀತಾರೆ, ಅದಕ್ಕೇ ಹಿಂಗೆ. ಕಾಲು ಸರಿಯಾಗಿ ಇಡೋದು ಕಲಿಸ್ರಿ."

ಅವರ ಮಾತು ಅರ್ಧ ನಿಜ ಎಂಬುದೇ ನನ್ನ ಸಂಕಟ. ಬಾಕ್ಸಿನೊಳಗೆ ಒಂದನ್ನೊಂದು ಹಿಡಿದು ಗಾಡಿ ಎಳೆಯುವ ಪ್ಲೇಟುಗಳು ಪೂರ್ತಿ ಸವೆದು ಹೋಗಿದ್ದರೆ ಹೊಸ ಆಯಿಲ್ ಹಾಕಿದರೂ ಗಾಡಿ ನಿಂತುಬಿಡಬಹುದು. ಆದರೂ ಗಾಡಿಯ ಸಿಂಗಾರಕ್ಕೆ ಮಾತ್ರ ಅವರ ಹತ್ತಿರ ದುಡ್ಡಿತ್ತು: ಹೊಸ ಸೀಟ್ ಕವರ್ ಹಾಕಿಸಿದ್ದರು, ಬಾಗಿಲಿಗೆ ಸ್ಕೂಲಿನ ಹೆಸರು ಬರೆಸಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಆಯಿಲ್ ಆದರೂ ತಂದಿಟ್ಟುಕೊಳ್ಳೋಣ ಎಂದು ಅಂಗಡಿಗಳನ್ನು ಸುತ್ತಿದೆ. ಒಂದು ಕಡೆ ಗೇರಿನ ಗಾಡಿಯ ದಪ್ಪ ಆಯಿಲ್ ಕೊಟ್ಟರು. ಇನ್ನೊಂದು ಕಡೆ ಪವರ್ ಸ್ಟೀರಿಂಗಿನದು ಕೊಟ್ಟು, "ಎಲ್ಲಾ ಕೆಂಪಾಯಿಲೇ ಮೇಡಂ, ಧೈರ್ಯವಾಗಿ ಹಾಕ್ಸಿ" ಎಂದರು. ಆ ಧೈರ್ಯ ನನಗಿರಲಿಲ್ಲ. ಕೊನೆಗೆ ಅಂಗಡಿಯವನೊಬ್ಬ, ಮುಳಬಾಗಿಲಿನ ಹೈವೇ ಪಕ್ಕದಲ್ಲಿ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಮಾತ್ರ ರಿಪೇರಿ ಮಾಡುವ ಒಬ್ಬರಿದ್ದಾರೆ, ಅವರ ಹತ್ತಿರ ಸರಿಯಾದದ್ದು ಇರುತ್ತದೆ ಎಂದ.

ಟೆಸ್ಟಿಗೆ ಮೂರೇ ದಿನ ಉಳಿದಿತ್ತು. ಬೆಳಿಗ್ಗೆ ಓನರ್‌ಗೆ ಫೋನ್ ಮಾಡಿದೆ. "ಅಣ್ಣಾ, ಗಾಡಿ ಮುಳಬಾಗಿಲಿಗೆ ತಗೊಂಡು ಹೋಗ್ತಿದೀನಿ. ಬಾಕ್ಸ್ ಕೂತ್ರೆ ನನ್ನ ಜವಾಬ್ದಾರಿ. ಆಯಿಲ್ ಬದಲಾಗದೆ ಆ ಗಾಡೀಲಿ ನಾನು ಇನ್ನು ಯಾರಿಗೂ ಕಲಿಸಲ್ಲ." ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಫೋನ್ ಇಟ್ಟರು. ಕೆಲಸ ಹೋದರೂ ಹೋಯಿತು ಎಂದುಕೊಂಡು ಹೊರಟೆ. ಕ್ಲಾಸಿಗೆಂದು ಬಂದಿದ್ದ ಸುಗಟೂರಿನವಳು ತಾನೂ ಬರುತ್ತೇನೆಂದು ಹತ್ತಿ ಕೂತಳು.

ಮುಳಬಾಗಿಲಿನ ಆ ಗ್ಯಾರೇಜಿನ ಯಜಮಾನರು ನಮ್ಮನ್ನು ನೋಡಿ ಸಂತೋಷಪಡಲಿಲ್ಲ. ಹೈವೇಯಲ್ಲಿ ಬಂದು ಕಾದಿದ್ದ ಗಾಡಿಯ ಡಿಪ್‌ಸ್ಟಿಕ್ ಎಳೆದು ಮೂಸಿದವರೇ, ಕನ್ನಡಕ್ಕೆ ತೆಲುಗು ಬೆರೆಸಿ, "ಏಮ್ಮಾ ಇದಿ, ಆಯಿಲ್ಲಾ ಕಷಾಯಾನಾ? ಎಲ್ಲಾ ಸುಟ್ಟ ಮೇಲೇ ನನ್ ಹತ್ರ ಬರ್ತೀರ" ಎಂದರು.

"ಬದಲಾಯಿಸಿದ್ರೆ ಸರಿ ಹೋಗುತ್ತಾ?"

"ಒಳಗೆ ನೋಡದೆ ಹೇಳೋಕೆ ನಾನೇನು ಜ್ಯೋತಿಷಿನಾ? ಬಿಚ್ತೀನಿ. ಕಬ್ಬಿಣದ ಚೂರು ಕಾಣಿಸಿದ್ರೆ ಹಂಗೇ ಮುಚ್ಚಿ ಕೊಡ್ತೀನಿ, ತಗೊಂಡು ಹೋಗಿ ಮಾರ್ಕೊಳ್ಳಿ. ಗ್ಯಾರಂಟಿ ಕೇಳಬೇಡಿ."

ಬಿಚ್ಚಿ ಎಂದೆ.

ಡ್ರೈನ್ ಬೋಲ್ಟ್ ತೆಗೆದಾಗ ಸುರಿದದ್ದು ಡಿಕಾಕ್ಷನ್ ಬಣ್ಣದ, ನೀರಿನಷ್ಟು ತೆಳುವಾದ ಆಯಿಲ್. ಯಜಮಾನರು ಅದನ್ನು ಕ್ಯಾನಿನಲ್ಲಿ ಹಿಡಿದು ಅಳತೆ ಗುರುತು ಹಾಕಿಕೊಂಡರು. ಎಷ್ಟು ಇಳಿಯಿತೋ ಅಷ್ಟೇ ಹಾಕಬೇಕು. ಆಮೇಲೆ ಕೆಳಗಿನ ತಟ್ಟೆ ಬಿಚ್ಚಿದರು. ತಟ್ಟೆಯ ತಳದಲ್ಲಿ ಕಬ್ಬಿಣದ ಪುಡಿ ಹಿಡಿಯುವುದಕ್ಕೆಂದೇ ಒಂದು ಆಯಸ್ಕಾಂತ ಇರುತ್ತದೆ. ಅದನ್ನು ಕಿತ್ತು ಹೆಬ್ಬೆರಳಿನಿಂದ ಒರೆಸಿ ಬೆಳಕಿಗೆ ಹಿಡಿದರು. ನಾನೂ ಅವಳೂ ಬಗ್ಗಿ ನೋಡಿದೆವು. ಕಪ್ಪನೆಯ ನುಣುಪು ಕೆಸರು. ಚೂರಿಲ್ಲ.

"ಬಾಗುಂದಿ, ಚೆನ್ನಾಗೈತೆ. ಬದುಕೈತೆ" ಎಂದರು.

ಆಯಿಲ್ ಸೋಸುವ ಜರಡಿ ಮಾತ್ರ ಅರ್ಧ ಕಟ್ಟಿಕೊಂಡಿತ್ತು. ಅದನ್ನು ಬದಲಾಯಿಸಿ, ತಟ್ಟೆ ತೊಳೆದು, ಹೊಸ ಪ್ಯಾಕಿಂಗ್ ಹಾಕಿ, ಹೊಸ ಆಯಿಲ್ ಹೊಯ್ದರು. ಒಂದು ಸಲ ಇಳಿಸಿದರೆ ಅರ್ಧ ಆಯಿಲೂ ಬರುವುದಿಲ್ಲ, ಉಳಿದದ್ದು ಒಳಗೇ ಇರುತ್ತದೆ. ಮೆಷಿನ್ ಇಟ್ಟು ಜೋರಾಗಿ ತೊಳೆದರೆ ಹಳೆಯ ಕೊಳೆಯೆಲ್ಲ ಎದ್ದು ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಡಿ ಕೂರುವುದು ಆವಾಗ. ಆದ್ದರಿಂದ ಹಾಕಿ, ಓಡಿಸಿ, ಮತ್ತೆ ಇಳಿಸಿ, ಮತ್ತೆ ಹಾಕುವುದು ಅವರ ಕ್ರಮ.

ಅವರು ಆಯಿಲ್ ಹೊಯ್ದ ಮೇಲೆ ನಾನು ಸ್ಟಾರ್ಟ್ ಮಾಡಿ ಡಿ-ಗೆ ಹಾಕಿದೆ. ಏನೂ ಆಗಲಿಲ್ಲ. ಒದೆತವೂ ಇಲ್ಲ, ಚಲನೆಯೂ ಇಲ್ಲ. ಮುಗಿಯಿತು, ಓನರ್ ಹೇಳಿದ್ದೇ ಆಯಿತು ಎಂದುಕೊಂಡೆ. ಯಜಮಾನರು ಟೀ ಗ್ಲಾಸು ಹಿಡಿದುಕೊಂಡೇ ಬಂದು ಬೈದರು. "ಬ್ರೇಕ್ ಒತ್ಕೊಂಡು ಎಲ್ಲಾ ಗೇರ್‌ಗೂ ಹಾಕಮ್ಮಾ! ಒಣಗಿರೋ ಬಾಕ್ಸ್‌ಗೆ ಆಯಿಲ್ ಏರೋದು ಬ್ಯಾಡ್ವಾ?" ಒಂದೊಂದೇ ಸ್ಥಾನಕ್ಕೆ ಹಾಕಿದೆ. ಅವರು ಲೆವೆಲ್ ನೋಡಿ ಇನ್ನಷ್ಟು ಹೊಯ್ದರು. ಮತ್ತೆ ಡಿ. ಬ್ರೇಕಿನಿಂದ ಕಾಲು ಎತ್ತಿದೆ, ಗಾಡಿ ಮೆಲ್ಲಗೆ ಮುಂದಕ್ಕೆ ಸರಿಯಿತು. ಹೈವೇಯಲ್ಲಿ ಓಡಿಸಿ ಬಂದು, ಎರಡನೆಯ ಸಲ ಬದಲಾಯಿಸಿಕೊಂಡು ಹೊರಡುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಕೋಲಾರಕ್ಕೆ ಬಂದು ಕ್ಲಾಕ್ ಟವರ್ ಹತ್ತಿರ ಬೇಕೆಂದೇ ನ್ಯೂಟ್ರಲ್ ಮಾಡಿ ಡಿ-ಗೆ ಹಾಕಿದೆ. ಗಾಡಿ ಕಾದಿತ್ತು, ಆದರೂ ಹೇಳಿದ ತಕ್ಷಣ ಹೊರಟಿತು.

ಗೆದ್ದೆ ಎಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಅವಳನ್ನು ಕೂರಿಸಿ ಹೊರಡು ಎಂದರೆ ಗಾಡಿ ಮುಂದಕ್ಕೆ ಹಾರಿತು. ನನ್ನ ಕಡೆಯ ಬ್ರೇಕ್ ಒತ್ತಿದೆ. ಮತ್ತೆ ಹೊರಡು ಎಂದೆ, ಮತ್ತೆ ಹಾರಿತು. ತಲೆ ಕೆಟ್ಟುಹೋಯಿತು. ಬಗ್ಗಿ ಅವಳ ಕಾಲು ನೋಡಿದೆ. ಎಡಗಾಲು ಬ್ರೇಕಿನ ಮೇಲೆ, ಬಲಗಾಲು ಆಕ್ಸಿಲರೇಟರ್ ಮೇಲೆ. ಬ್ರೇಕ್ ಬಿಡುವ ಮೊದಲೇ ಆಕ್ಸಿಲರೇಟರ್ ಒತ್ತಿ ಕಾಯುತ್ತಿದ್ದಳು.

"ಎರಡು ಕಾಲು ಯಾಕೆ ಇಡ್ತೀಯ? ಯಾರು ಹೇಳಿಕೊಟ್ರು?"

"ಇಲ್ಲಾಂದ್ರೆ ಗಾಡಿ ಹಿಂದೆ ಜಾರ್ತದಲ್ಲ ಅಕ್ಕಾ. ಟೆಸ್ಟಲ್ಲಿ ಜಾರಿದ ಮೇಲೆ ಹಿಂಗೇ ಅಭ್ಯಾಸ ಮಾಡ್ಕೊಂಡೆ."

ಗಾಡಿಯ ರೋಗಕ್ಕೆ ತಕ್ಕ ಹಾಗೆ ಕಾಲನ್ನು ತಿದ್ದಿಕೊಂಡಿದ್ದಳು. ಓನರ್ ಕಂಡದ್ದು ಆ ಎರಡು ಕಾಲು. ರೋಗದ ಗಾಡಿಯಲ್ಲಿ ಕಲಿತವರೆಲ್ಲ ಇದನ್ನೇ ಕಲಿತಿರುತ್ತಾರೆ, ನನ್ನ ಇಷ್ಟು ದಿನದ ಪಾಠವೆಲ್ಲ ಇದಾಗಿತ್ತಲ್ಲ ಎಂದು ನಾಚಿಕೆಯಾಯಿತು. ಉಳಿದ ದಿನಗಳಲ್ಲಿ ನಾನು ಕಲಿಸಿದ್ದು ಒಂದೇ: ಎಡಗಾಲು ಹಿಂದಕ್ಕೆ, ಬ್ರೇಕ್ ಬಿಡು, ಗಾಡಿಯನ್ನು ನಂಬು. ಅವಳಿಗೆ ಕಷ್ಟವಾದದ್ದು ಕೊನೆಯದು. ಮೈದಾನದ ಅಂಚಿನ ಏರಿನಲ್ಲಿ ಮತ್ತೆ ಮತ್ತೆ ನಿಲ್ಲಿಸಿ ಹೊರಡಿಸಿದೆ. ಬ್ರೇಕ್ ಬಿಡುವಾಗ ಪ್ರತಿ ಸಲವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕಣ್ಣು ಬಿಡು ಮಾರಾಯ್ತಿ ಎಂದು ಅಂಗಲಾಚಿದೆ.

ಟೆಸ್ಟ್ ದಿನ ಬೇಲಿಯ ಆಚೆ ನಿಂತಿದ್ದೆ. ಅವತ್ತೂ ಸಾಲು ಉದ್ದ, ಗಾಡಿ ಕಾದಿತ್ತು. ದಿಬ್ಬದ ನಡುವೆ ನಿಲ್ಲಿಸಿದಳು. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಇನ್‌ಸ್ಪೆಕ್ಟರ್ ಕೈ ಬೀಸಿದರು. ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತಿ ಹಿಡಿದಿತ್ತು. ಗಾಡಿ ಹಿಂದೆ ಜಾರಲಿಲ್ಲ, ಮುಂದೆ ಹಾರಲಿಲ್ಲ. ದಿಬ್ಬ ಹತ್ತಿ ಆಚೆ ಇಳಿಯಿತು.

ಬೇರೆಯವರ ಟೆಸ್ಟಿಗೆ ಬಂದಿದ್ದ ಓನರ್ ನನ್ನ ಪಕ್ಕಕ್ಕೆ ಬಂದರು. "ನೋಡಿದ್ರಾ ಮೇಡಂ? ಕಾಲು ಸರಿ ಮಾಡ್ಕೊಂಡ್ಲು, ಪಾಸಾದ್ಲು. ನಾನು ಹೇಳಿರ್ಲಿಲ್ವಾ?" ಆಯಿಲ್ ಸುದ್ದಿಯೇ ಇಲ್ಲ.

ಅವಳು ಗಾಡಿ ನಿಲ್ಲಿಸಿ ಓಡಿ ಬಂದಳು. ಖುಷಿಯಿಂದ ಏನಾದರೂ ಹೇಳುತ್ತಾಳೆ ಎಂದುಕೊಂಡರೆ, ಉಸಿರು ಬಿಡುತ್ತಾ ನಿಂತು ಕೇಳಿದಳು.

"ಅಕ್ಕಾ, ಹಂಗಾದ್ರೆ ಹೋದ ಸಲ ನಾನು ಫೇಲಾಗಿರ್ಲಿಲ್ವಾ?"

"ಇಲ್ಲ ಕಣೇ. ನೀನು ಸರಿಯಾಗೇ ಓಡ್ಸಿದ್ದೆ. ಗಾಡಿ ಫೇಲಾಗಿತ್ತು."

"ಈ ಮಾತು ನಮ್ ಮನೆಯವರಿಗೂ ಹೇಳಿ" ಎಂದು ಫೋನ್ ಮಾಡಿ, ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದಳು.

"ಏನಾಯ್ತೇ, ಮತ್ತೆ ಹೋಯ್ತಾ?" ಎಂದಿತು ಆ ಕಡೆಯಿಂದ ಅವಳ ಗಂಡನ ದನಿ.

"ನಾನು ಕಲಿಸೋ ಮೇಡಂ ಮಾತಾಡ್ತಿರೋದು. ಪಾಸಾಗಿದ್ದಾಳೆ. ಹೋದ ವಾರ ಫೇಲಾಗಿದ್ದೂ ಅವಳ ತಪ್ಪಲ್ಲ, ನಮ್ಮ ಗಾಡೀದು ಆಯಿಲ್ ಕೆಟ್ಟಿತ್ತು. ಅವಳು ಮೊದಲ್ನೇ ದಿನಾನೇ ಪಾಸಾಗಬೇಕಾದೋಳು."

ಅವನು ನನ್ನನ್ನು ಬಿಟ್ಟು ಅವಳನ್ನೇ ಕೇಳಿದ. "ಮತ್ತೆ ಬೆಳಿಗ್ಗೆ ಶಿಫ್ಟು ಬಂದ್ರೆ ಹಸದ ಹಾಲು ಯಾರು ಕರೀತಾರೆ?"

"ನೀವೇ" ಎಂದಳು ಅವಳು. "ಕಷ್ಟ ಏನಿಲ್ಲ. ಪಕ್ಕದಲ್ಲಿ ಕೂತ್ಕೊಂಡು ಹೇಳಿಕೊಡ್ತೀನಿ."